ಬೆಟ್ಟ ಇಳಿದು ಹೆಸರು ಮಾಡಿದವರು

ಕೂತು ಕೆಡುವವರ ಬಗ್ಗೆ ಉಪದೇಶ ಕೇಳಬೇಕೆಂದಿದ್ದರೆ ಆ ಬೀದಿಯಲ್ಲಿ ಸೋಫಾ ರಿಪೇರಿಯವರ ಅಂಗಡಿಗೆ ಹೋಗಬೇಕಿತ್ತು. ಹಳೆಯ ಕುರ್ಚಿಯೊಂದನ್ನು ತಲೆಕೆಳಗು ಮಾಡಿ, ಅದರ ಹೊಟ್ಟೆಯ ಗೋಣಿಬಟ್ಟೆ ಕಿತ್ತು, ಕುಸಿದ ಸ್ಪ್ರಿಂಗುಗಳನ್ನು ಹೊರಗೆಳೆಯುತ್ತ, ತುಟಿಯಲ್ಲಿ ಕಚ್ಚಿಕೊಂಡ ಮೊಳೆಗಳ ಸಂದಿಯಿಂದಲೇ ಅವರು ಗಿರಾಕಿಗೆ ಹೇಳುತ್ತಿದ್ದರು: "ನೋಡಿ ಸ್ವಾಮಿ, ಮನುಷ್ಯ ಹಾಳಾಗೋದು ಕೂತು ಕೂತೇ. ಈ ಸ್ಪ್ರಿಂಗಿಗೆ ಆದದ್ದೇ ನಾಳೆ ನಿಮ್ಮ ಸೊಂಟಕ್ಕೂ ಆಗೋದು. ನಡೀಬೇಕು. ಬೆಟ್ಟ ಹತ್ತಬೇಕು." ಗಿರಾಕಿ ತಲೆಯಾಡಿಸಿ, ಈ ಸಲ ಸ್ವಲ್ಪ ಮೆತ್ತಗಿನ ಸ್ಪಂಜು ಹಾಕಿ ಎಂದು ಹೇಳಿ ಹೋಗುತ್ತಿದ್ದ. ಜನ ನಿಜಕ್ಕೂ ಕೂರುವುದನ್ನು ಬಿಟ್ಟಿದ್ದರೆ ಆ ಮನೆಯ ಒಲೆ ಹೊತ್ತುತ್ತಿರಲಿಲ್ಲ. ಆದರೆ ಉಪದೇಶ ಮಾಡುವವರಿಗೆ ಅದು ಎಲ್ಲಿ ಫಲಿಸಿಬಿಡುತ್ತದೋ ಎಂಬ ಭಯ ಇರುವುದಿಲ್ಲ.

ಊರು ಅವರನ್ನು ಬೆಟ್ಟದಣ್ಣ ಎಂದು ಕರೆಯುತ್ತಿತ್ತು. ಕುಳ್ಳಗೆ, ಗುಂಡಗೆ, ತಾವೇ ತುಂಬಿ ಹೊಲಿದ ದಿಂಬಿನ ಹಾಗೆ ಇದ್ದ ಮನುಷ್ಯ. ಬೀದಿಯ ತುದಿಗೆ ಬಂದು ನಿಂತರೆ ಕಾಣುವ ಬೆಟ್ಟಕ್ಕೆ ಪ್ರತಿ ಶರತ್ಕಾಲ ತಮ್ಮ ಚಾರಣ ಸಂಘವನ್ನು ಕರೆದೊಯ್ಯುತ್ತಿದ್ದರು. ಮಳೆ ಹಿಂದೆಗೆದು, ಆಕಾಶ ತೊಳೆದಿಟ್ಟ ತಟ್ಟೆಯಂತಾಗಿ, ಇಳಿಜಾರಿನ ಮರಗಳು ಹಳದಿಗೆ ತಿರುಗಿ ಎಲೆ ಉದುರಿಸಲು ಶುರುಮಾಡಿದವೆಂದರೆ ಸಾಕು, ಭಾನುವಾರ ಬೆಳಿಗ್ಗೆ ಕೊರಳಿಗೆ ಸೀಟಿ, ಕೈಗೆ ಕೋಲು, ತಲೆಗೆ ಟೋಪಿ. ಅಂಗಡಿಯ ಗೋಡೆಯ ಮೇಲೆ ಬೆಟ್ಟದ ತುದಿಯಲ್ಲಿ ತೆಗೆಸಿಕೊಂಡ ಗುಂಪಿನ ಫೋಟೋಗಳು ಸಾಲಾಗಿ ನೇತಾಡುತ್ತಿದ್ದವು. ನೋಡಿದವರಿಗೆ ಬೆರಗು: ಅಷ್ಟು ಎತ್ತರ ಹತ್ತಿದವರ ಅಂಗಿಯ ಇಸ್ತ್ರಿ ಮುರಿದಿಲ್ಲ, ಹಣೆಯಲ್ಲಿ ಒಂದು ಹನಿ ಬೆವರಿಲ್ಲ, ಕೂದಲು ಬಾಚಿದ ಹಾಗೇ ಇದೆ. "ಏನು ದಮ್ಮು ರೀ ಇವರಿಗೆ!" ಎನ್ನುತ್ತಿದ್ದರು.

ದಮ್ಮಿನ ಗುಟ್ಟು ಇಷ್ಟೇ: ಅವರಲ್ಲಿ ಯಾರೂ ಆ ಬೆಟ್ಟವನ್ನು ಹತ್ತಿರಲಿಲ್ಲ.

ಮೋಸ ಮಾಡಬೇಕೆಂದು ಯಾರೂ ಹೊರಟಿದ್ದಲ್ಲ. ಬೆಟ್ಟದ ತುದಿಯಲ್ಲೊಂದು ವಿಶ್ರಾಂತಿ ಗೃಹವಿತ್ತು, ಹಿಂಬದಿಯಿಂದ ಅಲ್ಲಿಗೆ ವಾಹನ ಹೋಗುವ ರಸ್ತೆಯಿತ್ತು. ಅನೇಕ ವರ್ಷಗಳ ಹಿಂದೆ ಅಲ್ಲಿಗೊಂದು ಸೋಫಾ ತಲುಪಿಸಲು ಹೋದಾಗ ಭಾವಮೈದನ ವ್ಯಾನು ಕೆಟ್ಟು ನಿಂತಿತು. ರಿಪೇರಿಗೆ ಕಾಯುವ ತಾಳ್ಮೆಯಿಲ್ಲದೆ ಅವರು ಮುಂಬದಿಯ ಕಾಲುದಾರಿ ಹಿಡಿದು ಇಳಿದು ಬಂದರು. ಬುಡದಲ್ಲಿ ಸಿಕ್ಕಿದವರು ಔಷಧಿ ಅಂಗಡಿಯವರು. "ಬೆಟ್ಟದಿಂದ ಬರ್ತಿದ್ದೀರಾ?" "ಹೌದು." "ನಡ್ಕೊಂಡೇ?" "ನಡ್ಕೊಂಡೇ." ಅಷ್ಟೇ ಮಾತು. ಬೆಟ್ಟದಿಂದ ಇಳಿದು ಬಂದವನನ್ನು ಜಗತ್ತು ಹತ್ತಿದವನೆಂದೇ ತಿಳಿಯುತ್ತದೆ, ಹತ್ತಿದ್ದಕ್ಕೆ ಸಾಕ್ಷಿ ಕೇಳುವ ಪದ್ಧತಿ ಇಲ್ಲ. ಮರುದಿನದ ಹೊತ್ತಿಗೆ ಅವರು ಬೆಟ್ಟದಣ್ಣ ಆಗಿದ್ದರು.

ಔಷಧಿ ಅಂಗಡಿಯವರಿಗೂ ಹೋಗುವ ಆಸೆಯಾಯಿತು. ಅವರದೂ ಹತ್ತುವ ದೇಹವಲ್ಲ. ಹಾಗಾಗಿ ಗುಟ್ಟು ಹಂಚಿಕೊಳ್ಳಬೇಕಾಯಿತು, ಹಂಚಿಕೊಂಡ ಗುಟ್ಟಿಗೆ ಬೇಗ ಸಂಘದ ರೂಪ ಬಂತು. ಭಾವಮೈದನ ವ್ಯಾನಿನ ಹಿಂಭಾಗದಲ್ಲಿ ಡೆಲಿವರಿಗೆ ಸಿದ್ಧವಾದ ಸೋಫಾಗಳ ಮೇಲೆ ಕಾಲು ಚಾಚಿ ಕೂತು ಸದಸ್ಯರು ಬೆಟ್ಟದ ತುದಿ ತಲುಪುತ್ತಿದ್ದರು. ಫೋಟೋ ತೆಗೆಸಿಕೊಂಡು ನಡೆದು ಇಳಿಯುತ್ತಿದ್ದರು. ಇದಕ್ಕೊಂದು ಸಿದ್ಧಾಂತವೂ ಹುಟ್ಟಿತು. "ಹತ್ತೋದೇನು, ಮೇಕೆನೂ ಹತ್ತುತ್ತೆ. ಇಳಿಯೋದ್ರಲ್ಲೇ ಇರೋದು ಮೊಣಕಾಲಿನ ಪರೀಕ್ಷೆ," ಎಂದು ಸಂಘದ ಅಧ್ಯಕ್ಷರಾದ ಬೆಟ್ಟದಣ್ಣ ಸೋಫಾದ ತೋಳಿನ ಮೇಲೆ ಕೈಯಿಟ್ಟು ಹೇಳುತ್ತಿದ್ದರು. ಎರಡನೆಯ ವರ್ಷ ಇಳಿಯುವಾಗ ದಾರಿ ತಪ್ಪಿದ್ದರಿಂದ, ಕುರ್ಚಿ ಕಾಲಿಗೆ ಬಳಿದು ಉಳಿದ ಕೆಂಪು ಬಣ್ಣವನ್ನು ಹೊತ್ತು ತಂದು, ದಾರಿಯುದ್ದಕ್ಕೂ ಮರಗಳ ಮೇಲೆ, ಬಂಡೆಗಳ ಮೇಲೆ ಬಾಣದ ಗುರುತು ಬರೆದರು. ಅಂದಿನಿಂದ ಯಾರೂ ತಪ್ಪಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಇದು ಊರಿನ ಒಂದು ನಗೆಯ ಸಂಗತಿಯಾಗಿರುತ್ತಿತ್ತು. ತೊಡಕಿದ್ದದ್ದು ಮನೆಯಲ್ಲಿ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಅವರ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು ಸೋಫಾಗಳಿಗೆ ಹೊದಿಕೆ ಹೊಲಿಯುತ್ತಿದ್ದರು. ಕೋಣೆಗೊಂದು ಕಿಟಕಿ, ಕಿಟಕಿಯಾಚೆ ಪಕ್ಕದ ಕಟ್ಟಡದ ಗೋಡೆ, ಗೋಡೆಗೊಂದು ನೀರಿನ ಪೈಪು. ಮದುವೆಯಾದಾಗಿನಿಂದ ಆಕೆ ನೋಡಿದ ನೋಟ ಅದೇ. ಹಾಗಾಗಿ ಸೋಮವಾರದ ಊಟದ ಹೊತ್ತಿಗೆ ಗಂಡ ಬೆಟ್ಟದ ವರ್ಣನೆ ತೆಗೆದರೆ ಕೈ ತೊಳೆಯುವುದನ್ನೂ ಮರೆತು ಕೇಳುತ್ತಿದ್ದರು. ಅವರೂ ಕೇಳುವವರಿಗೆ ತಕ್ಕಂತೆ ಬಡಿಸುತ್ತಿದ್ದರು. ಎದೆ ಒಡೆಯುವ ಏರು, ಕಾಲಿಟ್ಟಲ್ಲಿ ಜಾರುವ ಒಣ ಎಲೆ, ಬಂಡೆಗೆ ಮುಖ ತಾಗಿಸಿಕೊಂಡು ತೆವಳಬೇಕಾದ 'ಮೂಗು ತಿಕ್ಕುವ ಏರು'. ಈ ಹೆಸರನ್ನು ಅವರೇ ಊಟದ ನಡುವೆ ಹುಟ್ಟಿಸಿದ್ದರು.

ಬೆಟ್ಟದಣ್ಣನ ಅಣ್ಣತಮ್ಮಂದಿರು ಓದಿ ಆಫೀಸು ಸೇರಿ ದೊಡ್ಡ ಕುರ್ಚಿಗಳಲ್ಲಿ ಕೂತಿದ್ದರು. ಇವರು ಅಂಥ ಕುರ್ಚಿಗಳಿಗೆ ಸ್ಪಂಜು ತುಂಬುತ್ತಿದ್ದರು. ಒಮ್ಮೆ ಅಣ್ಣನ ಹೆಂಡತಿ ಮನೆಗೆ ಬಂದು ಗಂಡನ ಬಡ್ತಿಯ ಸುದ್ದಿಯನ್ನು ಉದ್ದವಾಗಿ ಹೇಳಿದಾಗ, ಇವರ ಹೆಂಡತಿ ಸೂಜಿಗೆ ದಾರ ಪೋಣಿಸುತ್ತ ಅಂದಿದ್ದರು: "ಇರಲಿ ಅಕ್ಕ. ನಿಮ್ಮವರು ಕುರ್ಚಿ ಹತ್ತಿದ್ದಾರೆ, ನಮ್ಮವರು ಬೆಟ್ಟ ಹತ್ತಿದ್ದಾರೆ." ಬಾಗಿಲ ಹಿಂದೆ ನಿಂತಿದ್ದ ಬೆಟ್ಟದಣ್ಣನ ಕಿವಿಗೆ ಅದು ಬಿತ್ತು. ಜೀವಮಾನದಲ್ಲಿ ಅವರ ಪರವಾಗಿ ಯಾರಾದರೂ ಆಡಿದ ಮಾತು ಅದೊಂದೇ. ಅಂದಿನಿಂದ ಊರಿನ ಯಾರಿಗೆ ಬೇಕಾದರೂ ನಿಜ ಹೇಳಬಹುದಿತ್ತು, ಆಕೆಗೆ ಮಾತ್ರ ಸಾಧ್ಯವಿರಲಿಲ್ಲ.

ಹೀಗಿರುವಾಗ ಆ ವರ್ಷ ವೈದ್ಯರು ಆಕೆಗೆ ಯಂತ್ರದ ಮುಂದಿನಿಂದ ಎದ್ದು ಓಡಾಡಬೇಕೆಂದು ಹೇಳಿದರು. ಗಂಡ ಇಡೀ ಬೀದಿಗೆ ಹೇಳುತ್ತಿದ್ದದ್ದೂ ಅದನ್ನೇ, ಆದರೆ ಮನೆಯೊಳಗೆ ಹೇಳುವುದು ತೋಚಿರಲಿಲ್ಲ. ಆಕೆ ಹಿಡಿದ ಕೆಲಸ ಬಿಡುವವರಲ್ಲ. ಮಳೆಗಾಲ ಪೂರ್ತಿ ಕಟ್ಟಡದ ಮೆಟ್ಟಿಲುಗಳನ್ನು ಹತ್ತಿ ಇಳಿದು ಕಾಲು ಗಟ್ಟಿಮಾಡಿಕೊಂಡರು. ಎಲೆ ಹಣ್ಣಾಗುವ ಹೊತ್ತಿಗೆ ಒಂದು ಜೊತೆ ಕ್ಯಾನ್ವಾಸ್ ಶೂ ಕೊಂಡು ತಂದರು.

"ಈ ಭಾನುವಾರ ನಾನೂ ಬರ್ತೀನಿ."

"ಎಲ್ಲಿಗೆ?"

"ನೀವು ಹೋಗೋ ಕಡೆಗೇ. ಬೆಟ್ಟಕ್ಕೆ."

ಬೆಟ್ಟದಣ್ಣನ ಬಾಯಿಂದ ಒಂದು ಮೊಳೆ ಜಾರಿ ಬಿತ್ತು. "ನಿನ್ನ ಮೊಣಕಾಲು?"

"ಅದೂ ಬರುತ್ತೆ. ಅದನ್ನ ಮನೇಲಿಟ್ಟು ಬರೋಕಾಗುತ್ತಾ?"

"ಹಾಗಲ್ಲ ಕಣೇ. ಆ ಮೂಗು ತಿಕ್ಕೋ ಏರು ಇದೆಯಲ್ಲ, ಗಂಡಸರಿಗೇ ಕಷ್ಟ. ಹೆಂಗಸರು..."

"ಯಾಕೆ, ಹೆಂಗಸರಿಗೆ ಮೂಗಿಲ್ವಾ?"

ಆ ಸಂಜೆ ಔಷಧಿ ಅಂಗಡಿಯಲ್ಲಿ ತುರ್ತು ಸಭೆ ಸೇರಿತು: ಬೆಟ್ಟದಣ್ಣ, ಅಂಗಡಿಯ ಯಜಮಾನರು, ಭಾವಮೈದ.

"ಇದ್ರಲ್ಲೇನಿದೆ ಅಧ್ಯಕ್ಷರೇ," ಎಂದರು ಔಷಧಿ ಅಂಗಡಿಯವರು. "ಅತ್ತಿಗೆಗೆ, 'ಇದೊಂದು ಸಲ ನಿನಗೋಸ್ಕರ ವ್ಯಾನು ಮಾಡಿದ್ದೀವಿ, ಎಲ್ಲರೂ ಅದರಲ್ಲೇ ಹೋಗೋಣ' ಅನ್ನಿ. ಮುಗೀತು."

ಭಾವಮೈದ ಅಕ್ಕನ ಕೈಯಲ್ಲಿ ಬೆಳೆದವನು. "ಹೇಳಿ ನೋಡಿ ಭಾವ. ನಾನು ಬೇಕಾದ್ರೆ ಹೊರಗಡೆ ನಿಂತಿರ್ತೀನಿ," ಎಂದ.

ಹೇಳಿ ನೋಡಿದರು. "ನನ್ನೊಬ್ಬಳಿಗೋಸ್ಕರ ಅಷ್ಟು ಜನ ವ್ಯಾನಲ್ಲಿ ಕೂರೋದಾ? ಇಷ್ಟು ವರ್ಷ ನಡೆದು ಹತ್ತಿದವರು! ಬೇಡಪ್ಪ, ಆ ಪಾಪ ನನಗೆ ಬೇಡ," ಎಂದರು ಆಕೆ. ವ್ಯಾನು ಬೇಕಾದರೆ ತುದಿಯಲ್ಲಿ ಬಂದು ಕಾಯಲಿ, ವಾಪಸ್ಸು ಬರಲು ಆದೀತು ಎಂದು ಅಪ್ಪಣೆ ಕೊಟ್ಟರು.

ಸುದ್ದಿ ಹಬ್ಬಿದ್ದೇ ತಡ ಸಂಘದಲ್ಲಿ ಕಾಯಿಲೆ ಹಬ್ಬಿತು. ಒಬ್ಬರಿಗೆ ಹಲ್ಲುನೋವು, ಒಬ್ಬರಿಗೆ ಪರವೂರಿನ ನೆಂಟರು, ಇನ್ನೊಬ್ಬರಿಗೆ ಇದ್ದಕ್ಕಿದ್ದಂತೆ ಮನೆಯ ನೀರಿನ ಟ್ಯಾಂಕು ತೊಳೆಯಲೇಬೇಕೆಂಬ ಹಟ. ಔಷಧಿ ಅಂಗಡಿಯವರಿಗೆ ತಪ್ಪಿಸಿಕೊಳ್ಳಲಾಗಲಿಲ್ಲ. ಮೊಣಕಾಲಿನ ಪಟ್ಟಿ ಕೊಳ್ಳಲು ಹೋದ ಆಕೆ, "ನೀವೊಬ್ಬರಿದ್ದೀರಲ್ಲ ಅಣ್ಣ, ಅದೇ ಧೈರ್ಯ," ಎಂದುಬಿಟ್ಟಿದ್ದರು. ಅಂಗಡಿ ತುಂಬ ಔಷಧಿಯಿದ್ದರೂ ಆ ಮಾತಿಗೆ ಮದ್ದಿರಲಿಲ್ಲ.

ಭಾನುವಾರ ಬೆಳಿಗ್ಗೆ ಮೂವರೂ ಬೆಟ್ಟದ ಬುಡದಲ್ಲಿದ್ದರು. ಬೆಟ್ಟದಣ್ಣ ಒಳಗೊಳಗೇ ಧೈರ್ಯ ತಂದುಕೊಂಡಿದ್ದರು. ಉಸಿರು ಹೇಗೋ ಎಳೆದುಕೊಂಡರಾಯಿತು, ದಾರಿಯಂತೂ ತಪ್ಪುವುದಿಲ್ಲ, ಗುರುತು ಬರೆದವನೇ ನಾನು! ಸೀಟಿ ಊದಿ ಹೊರಟರು. ದಾರಿ ಎಲ್ಲಿ ಮುಗಿಯುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಎಲ್ಲಿ ಶುರುವಾಗುತ್ತದೆಂದು ಯೋಚಿಸಿರಲಿಲ್ಲ. ಎರಡೂ ಒಂದೇ ಜಾಗವಾದರೂ, ಬೆನ್ನು ಹಾಕಿ ಹೋದ ಜಾಗವನ್ನು ಮುಖ ಮಾಡಿ ನೋಡಿದರೆ ಬೇರೆಯೇ ಕಾಣುತ್ತದೆ. ಕಾಲುದಾರಿಯೆಂದು ನಂಬಿ ಅವರು ಹಿಡಿದ ಹಾದಿ ಪೊದೆಗಳ ನಡುವೆ ನುಸುಳಿ, ಮುಳ್ಳುತಂತಿ ದಾಟಿ, ಒಂದು ಕೋಳಿ ಸಾಕಣೆ ಶೆಡ್ಡಿನ ಹಿಂಗೋಡೆಗೆ ಹೋಗಿ ನಿಂತಿತು. ಜಾಲರಿಯ ಆಚೆಯಿಂದ ಕೋಳಿಗಳೆಲ್ಲ ಕತ್ತು ಓರೆ ಮಾಡಿ ಅಧ್ಯಕ್ಷರನ್ನು ನೋಡಿದವು.

"ಪ್ರತಿ ಸಲವೂ ಇವನ್ನ ಮಾತಾಡಿಸ್ಕೊಂಡೇ ಹೋಗ್ತೀರಾ?" ಎಂದು ಹೆಂಡತಿ ಕೇಳಿದರು.

"ದಾರಿ ಸ್ವಲ್ಪ ಬದಲಾಗಿದೆ."

"ಬೆಟ್ಟ ಅಲ್ಲೇ ಇದೆಯಲ್ಲ?"

ಹಿಂತಿರುಗಿ ಬಂದು ಸರಿಯಾದ ಹಾದಿ ಹಿಡಿದರು. ಮೇಲೆ ಹೋದಂತೆ ದಾರಿ ಕವಲೊಡೆಯಿತು. ಬೆಟ್ಟದಣ್ಣ ಎಡಗಡೆಯ ಮರಗಳನ್ನು ನೋಡಿದರು, ಬಲಗಡೆಯ ಬಂಡೆಯನ್ನು ನೋಡಿದರು. ಎಲ್ಲೂ ಕೆಂಪು ಇಲ್ಲ. ಯಾರೋ ಅಳಿಸಿರಬೇಕು, ಕಿಡಿಗೇಡಿಗಳು, ಅಥವಾ ಮಳೆ. ಅಂದಾಜಿನ ಮೇಲೆ ಬಲಕ್ಕೆ ತಿರುಗಿ, ಎಲೆರಾಶಿಯಲ್ಲಿ ಕಾಲು ಹೂತು, ಸುಧಾರಿಸಿಕೊಳ್ಳಲು ಒಂದು ಮರ ತಬ್ಬಿ ನಿಂತು ಹಿಂದೆ ನೋಡಿದರು. ಬಿಟ್ಟು ಬಂದಿದ್ದ ಎಡಗವಲಿನ ಬಾಯಲ್ಲಿದ್ದ ಮರದ ಬೆನ್ನಿನ ಮೇಲೆ ಅಂಗೈಯಗಲದ ಕೆಂಪು ಬಾಣ ಹೊಳೆಯುತ್ತಿತ್ತು.

ಆಗ ಅವರಿಗೆ ಅರ್ಥವಾಯಿತು. ಇಳಿಯುತ್ತ ಬರೆದವರು ಇಳಿಯುವವರಿಗೆ ಕಾಣುವಂತೆಯೇ ಬರೆದಿದ್ದರು. ಇಡೀ ಬೆಟ್ಟದಲ್ಲಿ ಒಂದು ಗುರುತೂ ಕೆಳಗಿನಿಂದ ಬರುವವರ ಕಣ್ಣಿಗೆ ಬೀಳುವಂತಿರಲಿಲ್ಲ.

ಅದೊಂದು ಉಪಾಯವನ್ನೂ ಹುಟ್ಟಿಸಿತು. ಸ್ವಲ್ಪ ಮುಂದೆ ಹೋಗುವುದು, ಸೊಂಟಕ್ಕೆ ಕೈಯಿಟ್ಟು ತಿರುಗುವುದು, ಬಾಣ ಕಂಡರೆ ದಾರಿ ಸರಿ, ಕಾಣದಿದ್ದರೆ ಏನೋ ಮರೆತವರಂತೆ ವಾಪಸ್ಸು. ಹೀಗೆ ಸಾಗಿತು ಮೆರವಣಿಗೆ.

"ಅದೇನ್ರೀ ಮಾತೆತ್ತಿದ್ರೆ ಹಿಂದೆ ನೋಡ್ತೀರಿ? ಯಾರಾದ್ರೂ ಬರೋದಿದೆಯಾ?"

"ನೋಟ ಕಣೇ, ನೋಟ. ಬೆಟ್ಟ ಹತ್ತೋರು ಆಗಾಗ ತಿರುಗಿ ನೋಡ್ಬೇಕು. ಅದು ನಿಯಮ."

ಆಕೆ ನಿಯಮ ಪಾಲಿಸುವ ಹೆಂಗಸು. ತಾವೂ ತಿರುಗಿ ನೋಡಿದರು.

ಜಾಣರಾದ ಗಂಡಂದಿರು ಹೆಂಡತಿಗೆ ನಿಯಮ ಹೇಳಿಕೊಡುವುದಿಲ್ಲ. ಆಕೆಯ ಕಣ್ಣಿಗೆ ಬಾಣ ಬಿತ್ತು. ಜೀವನವಿಡೀ ಬಟ್ಟೆಯ ಒಳಮೈ ಹೊರಮೈ ನೋಡಿ ಹೊಲಿದವರು. ಮರದ ಈ ಮುಖ ನೋಡಿದರು, ಸುತ್ತು ಬಂದು ಆ ಮುಖ ನೋಡಿದರು. "ಇವನ್ನೆಲ್ಲ ನೀವೇ ಬರೆದಿದ್ದು ಅಂದಿದ್ರಿ."

"ನಾನೇ. ಒಂದೊಂದೂ."

"ಎಲ್ಲಾ ಕೆಳಗೆ ತೋರಿಸ್ತಿವೆ."

"ಅದು... ಹತ್ತೋವಾಗ ಬಣ್ಣದ ಡಬ್ಬಿ ಹೊರೋದು ಕಷ್ಟ ಅಂತ ಇಳಿಯೋವಾಗ ಬರೆದೆ."

"ಇಳಿಯೋಕೆ ಡಬ್ಬಿ ಮೇಲೆ ಹೇಗೆ ಬಂತು?"

ಈ ಪ್ರಶ್ನೆಗೆ ಬೆಟ್ಟದಣ್ಣ ಏನಾದರೂ ಹೊಸೆಯುತ್ತಿದ್ದರೇನೋ. ಅಷ್ಟರಲ್ಲಿ ಹಿಂದೆ ಬೀಳುತ್ತ ಬರುತ್ತಿದ್ದ ಔಷಧಿ ಅಂಗಡಿಯವರು ಒಂದು ಕಲ್ಲಿನ ಮೇಲೆ ಧೊಪ್ಪನೆ ಕುಸಿದರು. ಮುಖ ಬಿಳಿಚಿತ್ತು, ಅಂಗಿ ಮೈಗೆ ಅಂಟಿತ್ತು, ಸ್ವಾಭಿಮಾನ ಬುಡದಲ್ಲೇ ಬಿದ್ದುಹೋಗಿತ್ತು.

"ಅತ್ತಿಗೆ, ನನ್ನ ಕೈಲಾಗಲ್ಲ! ನಾವು ಯಾರೂ ಇದನ್ನ ಹತ್ತಿಲ್ಲ. ಒಂದಿನಾನೂ ಹತ್ತಿಲ್ಲ. ಆರಾಮಾಗಿ ನಿಮ್ಮ ತಮ್ಮನ ವ್ಯಾನಲ್ಲಿ ಸೋಫಾ ಮೇಲೆ ಕೂತು ಹೋಗ್ತಿದ್ವಿ, ಇಳ್ಕೊಂಡು ಬರ್ತಿದ್ವಿ. ಯಾರಿಗೇನು ತೊಂದರೆ ಇತ್ತು? ನೀವು ಯಾಕೆ ಬಂದ್ರಿ?"

ಗುಟ್ಟು ಹೊರಬಿದ್ದ ಸದ್ದಿಗೆ ಒಂದು ಎಲೆಯೂ ಅಲುಗಲಿಲ್ಲ. ಬೆಟ್ಟದಣ್ಣ ಕೋಲಿನ ತುದಿಯನ್ನೇ ನೋಡುತ್ತ ನಿಂತರು. ಬೈಗುಳ ಬರುತ್ತದೆಂದು ಕಾದರು. ಬೈದಿದ್ದರೆ ಸಲೀಸಾಗುತ್ತಿತ್ತು, ಬೈಗುಳಕ್ಕೆ ಮರುಮಾತಾದರೂ ಇರುತ್ತದೆ. ಆಕೆ ಕರವಸ್ತ್ರದಿಂದ ನಿಧಾನವಾಗಿ ಕತ್ತು ಒರೆಸಿಕೊಂಡರು.

"ನಿಮ್ಮಣ್ಣನ ಮನೆಯ ಅಕ್ಕನ ಮುಂದೆ ನಾನೊಂದು ಮಾತು ಹೇಳಿದ್ದೆ. ನಿಮಗೆ ಗೊತ್ತಿಲ್ಲ."

"ಗೊತ್ತು. ಬಾಗಿಲ ಹಿಂದೆ ಇದ್ದೆ."

"ಕೇಳಿಸ್ಕೊಂಡೂ ಸುಮ್ಮನಿದ್ರಾ?"

"ಕೇಳಿಸ್ಕೊಂಡಿದ್ದಕ್ಕೇ ಸುಮ್ಮನಿದ್ದೆ."

ಆಕೆ ಗಂಡನ ಮುಖವನ್ನು ದಿಟ್ಟಿಸಿದರು. ಹೊಲಿಗೆ ಬಿಚ್ಚಬೇಕೋ, ಮೇಲೊಂದು ತೇಪೆ ಸಾಕೋ ಎಂದು ಲೆಕ್ಕ ಹಾಕುವ ನೋಟ. ಕೊನೆಗೆ, "ಆಡಿದ ಮಾತನ್ನ ನಾನು ವಾಪಸ್ ತಗೊಳ್ಳೋದಿಲ್ಲ. ಆ ಅಕ್ಕನ ಮುಂದೆ ಹೋಗಿ ತಪ್ಪಾಯ್ತು ಅನ್ನೋಕೆ ನನ್ನಿಂದ ಆಗದು. ಅದನ್ನ ನಿಜ ಮಾಡೋದು ನಿಮ್ಮ ಕೆಲಸ. ಬರ್ತೀರೋ, ಇಳೀತೀರೋ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮೇಲಕ್ಕೆ ಹೊರಟರು.

ಬೆಟ್ಟದಣ್ಣ ಅತ್ತ ಇತ್ತ ನೋಡಿದರು. ಕೆಳಗೆ ನೋಡಿದರೆ ಮರದಿಂದ ಮರಕ್ಕೆ ಕೆಂಪು ಬಾಣಗಳು ಸಾಲಾಗಿ ಮನೆಯ ದಾರಿ ತೋರಿಸುತ್ತಿದ್ದವು, ಅವರದೇ ಕೈಬರಹ. ಮೇಲೆ ನೋಡಿದರೆ ಗುರುತಿಲ್ಲದ ಮರಗಳು ಮತ್ತು ಹೆಂಡತಿಯ ಬೆನ್ನು. ಔಷಧಿ ಅಂಗಡಿಯವರು ಆಗಲೇ ಕೆಳಮುಖವಾಗಿ ಕೂತಿದ್ದರು. "ಬನ್ನಿ ಅಧ್ಯಕ್ಷರೇ, ಇಳಿಯೋಣ. ಇಳಿಯೋದ್ರಲ್ಲೇ ಪರೀಕ್ಷೆ ಅಂತ ನೀವೇ ಹೇಳ್ತಿದ್ರಲ್ಲ."

"ನೀವು ಇಳೀರಿ," ಎಂದರು ಬೆಟ್ಟದಣ್ಣ. ಅಧ್ಯಕ್ಷಗಿರಿಯ ಅಷ್ಟೂ ವರ್ಷಗಳಲ್ಲಿ ಅವರು ಕೊಟ್ಟ, ಕೆಲಸಕ್ಕೆ ಬರುವ ಒಂದೇ ಆದೇಶ ಅದು.

ಮುಂದೆ ಹೆಂಡತಿ, ಹಿಂದೆ ಗಂಡ. ಕವಲು ಬಂದಾಗ ಆಕೆ ಒಂದು ದಾರಿ ಹಿಡಿಯುವುದು, ಅವರು ಹಿಂತಿರುಗಿ ನೋಡಿ "ಸರಿ ಇದೆ" ಅಥವಾ "ಅಲ್ಲ, ಆ ಕಡೆ" ಎಂದು ಕೂಗುವುದು. ಕೂಗಲು ಉಸಿರು ಸಾಲದೆ ಹೋದಾಗ ಸೀಟಿ ಊದಿದರು. ಸರಿಗೆ ಒಂದು, ತಪ್ಪಿಗೆ ಎರಡು. ಇಷ್ಟು ದಿನ ಸುಮ್ಮನೆ ಕೊರಳಲ್ಲಿ ನೇತಾಡುತ್ತಿದ್ದ ಸಾಮಾನಿಗೆ ಒಂದು ಉದ್ಯೋಗ ಸಿಕ್ಕಿತು. ತುದಿಯ ಕೆಳಗಿನ ಬಂಡೆಯ ಹತ್ತಿರ ಕಾಲು ನಿಲ್ಲದೆ ನಾಲ್ಕು ಕಾಲಿಗೆ ಬಿದ್ದರು. ಇಳಿಯುವಾಗ ಎಂದೂ ಲಕ್ಷ್ಯಕ್ಕೆ ಬಾರದ ಜಾಗ. ಮುಖ ಕಲ್ಲಿಗೆ ತಾಗಿತು, ಮೂಗು ತರಚಿತು. ತಾವು ಊಟದ ಎಲೆಯ ಮುಂದೆ ಹುಟ್ಟಿಸಿದ ಏರು ತಮಗೆ ಹೇಳದೆ ಕೇಳದೆ ಇಲ್ಲೇ ಇತ್ತಲ್ಲ ಎಂದು ಅವರಿಗೆ ಸಿಟ್ಟು ಬಂತು. ಮೇಲಿನಿಂದ ಹೆಂಡತಿ ಕೈ ಕೊಡಲಿಲ್ಲ. "ಬಲಗಾಲು ಆ ಬೇರಿನ ಮೇಲಿಡಿ," ಎಂದಷ್ಟೇ ಹೇಳಿದರು.

ತುದಿಯಲ್ಲಿ ಭಾವಮೈದ ವ್ಯಾನಿಗೆ ಒರಗಿ ನಿಂತಿದ್ದ. ಮೈಯೆಲ್ಲ ಮಣ್ಣಾಗಿ, ಎಲೆ ಅಂಟಿಸಿಕೊಂಡು, ಮೂಗು ಕೆಂಪಾಗಿಸಿಕೊಂಡು ಬಂದ ಭಾವನನ್ನು ನೋಡಿ ಅವನಿಗೆ ಗುರುತೇ ಹತ್ತಲಿಲ್ಲ. ಬಾಗಿಲು ತೆರೆದಿದ್ದ ವ್ಯಾನಿನೊಳಗೆ ಹೊಸ ಹೊದಿಕೆಯ ಸೋಫಾ ಇತ್ತು. ಆಕೆಯೇ ಆ ವಾರ ಹೊಲಿದದ್ದು.

"ಅಕ್ಕ... ಕೂತ್ಕೋ," ಎಂದ, ನೆಲ ನೋಡುತ್ತ.

"ನೀನೂ ಒಬ್ಬ ಇದ್ದೀಯ," ಎಂದರು ಆಕೆ. ಹತ್ತಿ ಕೂತರು. ಕಾಲು ಚಾಚಿದರು. ಗಂಡ ಹಿಂದೆಯೇ ಹತ್ತಲು ಹೋದಾಗ ತಡೆಯಲಿಲ್ಲ, ಆದರೆ ಸರಿದು ಜಾಗ ಕೊಡಲೂ ಇಲ್ಲ. ಬೆಟ್ಟದಣ್ಣ ವ್ಯಾನಿನ ತಗಡಿನ ನೆಲದ ಮೇಲೆ ಕೂತು ತಿರುವು ತಿರುವಿಗೂ ಉರುಳುತ್ತ ಕೆಳಗೆ ಬಂದರು.

ಬೆಟ್ಟ ಹತ್ತಿದವನೆಂಬ ಹೆಸರು ಅವರಿಗೆ ಮೊದಲೇ ಇತ್ತು. ಹತ್ತುವುದೊಂದು ಬಾಕಿಯಿತ್ತು, ಅದೂ ಮುಗಿಯಿತು. ಬೀದಿಗೆ ಏನೂ ವ್ಯತ್ಯಾಸವಾಗಲಿಲ್ಲ. ತರಚಿದ ಮೂಗಿನ ಬಗ್ಗೆ ಕೇಳಿದವರಿಗೆ ಬೆಟ್ಟದಲ್ಲಿ ಬಿದ್ದೆ ಎಂದರು, ನಿಜ ಹೇಳಿದ್ದಕ್ಕೋ ಏನೋ ಜನ ಅಷ್ಟಾಗಿ ನಂಬಲಿಲ್ಲ. ಬೆಟ್ಟದಣ್ಣನಂಥವರು ಬೀಳುವುದುಂಟೇ?

ಸೋಮವಾರ ಮಧ್ಯಾಹ್ನ ಊಟಕ್ಕೆ ಕೂತರು. ಮೈಯ ಎಲುಬೆಲುಬೂ ಅವರ ಪರವಾಗಿ ಸಾಕ್ಷಿ ನುಡಿಯುತ್ತಿತ್ತು. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಹೇಳಲು ಅವರ ಹತ್ತಿರ ಏನೋ ಇತ್ತು. ಗಂಟಲು ಸರಿಮಾಡಿಕೊಂಡರು.

"ನಿನ್ನೆ ಆ ಬಂಡೆ ಹತ್ರ ಏನಾಯ್ತು ಅಂದ್ರೆ..."

"ನಾನೂ ಅಲ್ಲೇ ಇದ್ದೆ," ಎಂದರು ಆಕೆ.

ಆಕೆ ನೀರಿನ ಲೋಟವನ್ನು ಅವರ ಕಡೆ ಸರಿಸಿ, ಊಟ ಮುಂದುವರಿಸಿದರು.